ನೆಗಡಿಯಾಗಿ ಸತ್ತ ಚಕ್ರವರ್ತಿ

ಮಳೆ ನಿಂತ ಮರುದಿನ ಡ್ಯಾನ್‌ವಿಲ್ ಕಡೆಗೆ ಹೋಗುವವರಿಗೆ ಒಂದು ವಾಸನೆ ಗೊತ್ತಿರುತ್ತದೆ. ಫ್ರೀವೇ ಬಿಟ್ಟು ಒಳದಾರಿಗೆ ತಿರುಗಿದರೆ ಸಾಲಾಗಿ ನೀಲಗಿರಿ ಮರಗಳು. ಸುಲಿದು ಬಿದ್ದ ತೊಗಟೆಯೆಲ್ಲ ನೆನೆದು, ಕಾರಿನ ಗಾಜು ಏರಿಸಿದ್ದರೂ ಆ ಘಾಟು ಒಳಗೆ ನುಗ್ಗುತ್ತದೆ. ಇಲ್ಲಿಯವರಿಗೆ ಅದು ಮರದ ವಾಸನೆ, ನಮ್ಮಂಥವರಿಗೆ ನೆಗಡಿಯ ವಾಸನೆ. ಕರವಸ್ತ್ರಕ್ಕೆ ಎರಡು ಹನಿ ನೀಲಗಿರಿ ಎಣ್ಣೆ, ತಲೆ ಮೇಲೆ ಕಂಬಳಿ, ಬಿಸಿನೀರಿನ ಹಬೆ. ಹೋದ ವಾರ ಯಾರದೋ ಮಗುವಿನ ನಾಮಕರಣಕ್ಕೆಂದು ಆ ದಾರಿಯಲ್ಲಿ ಹೊರಟವಳು ಕಾರನ್ನು ಬದಿಗೆ ಹಾಕಿ ಸುಮ್ಮನೆ ಕುಳಿತುಬಿಟ್ಟೆ. ಪಕ್ಕದಲ್ಲಿದ್ದ ಗಂಡ "ಏನಾಯ್ತೇ?" ಎಂದ. "ಗೌಡ್ರು" ಎಂದೆ. ಅವನು ತನ್ನ ಬದಿಯ ಗಾಜು ಇಳಿಸಿದ.

ಚನ್ನೇಗೌಡರು ಮಳವಳ್ಳಿ ಕಡೆಯವರು. ಸಕ್ಕರೆ ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಮೇಲೆ ಹೆಂಡತಿ ಜಯಮ್ಮನ ಜೊತೆ ಡ್ಯಾನ್‌ವಿಲ್‌ನಲ್ಲಿ ಮಗಳು ಶೋಭಾಳ ಮನೆಯಲ್ಲಿ ಇದ್ದರು. ಊರಿನಲ್ಲಿ ಅವರಿಗೆ ಹೆಸರಿದ್ದದ್ದು ಕಾರ್ಖಾನೆಯಿಂದಲ್ಲ, ನಾಟಕದಿಂದ. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಕಲಿತು, ಬಾಡಿಗೆ ಕಿರೀಟ ಇಟ್ಟುಕೊಂಡು ಬೆಳಗಾಗುವವರೆಗೆ ಪೌರಾಣಿಕ ನಾಟಕ ಆಡುವ ಊರುಗಳು ಅವು. ಗೌಡರು ಹರೆಯದಿಂದಲೂ ರಾಜಾಪಾರ್ಟಿನವರು. ಗದೆ ಹೆಗಲಿಗೇರಿಸಿ ಅವರು ರಂಗಕ್ಕೆ ಬಂದರೆ ಮೈಕು ಬೇಕಿರಲಿಲ್ಲವಂತೆ. ಡ್ಯಾನ್‌ವಿಲ್‌ನಲ್ಲಿ ಹಿತ್ತಲಲ್ಲಿ ನಿಂತು ಒಂದು ಕಂದಪದ್ಯ ಹಾಡಿದ್ದಕ್ಕೆ ಪಕ್ಕದ ಮನೆಯವರು ಬಂದು, ಯಾರಿಗಾದರೂ ಪೆಟ್ಟಾಗಿದೆಯೇ ಎಂದು ಕೇಳಿಕೊಂಡು ಹೋದರು. ಗೌಡರು ಅದನ್ನು ಹೊಗಳಿಕೆಯೆಂದೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ನಾನು ಹಾಸನದವಳು. ಅಲ್ಲಿ ಪಿಯು ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದೆ. ಇಲ್ಲಿ ರೆಡ್‌ವುಡ್ ಸಿಟಿಯ ಒಂದು ಡೇಕೇರಿನಲ್ಲಿ ಮಕ್ಕಳ ಮೂಗು ಒರೆಸುತ್ತೇನೆ. ಇದರಲ್ಲಿ ಮರುಗುವಂಥದ್ದೇನೂ ಇಲ್ಲ, ಮೂಗು ಒರೆಸಿದರೆ ಮಗು ನಗುತ್ತದೆ, ಪಾಠ ಹೇಳಿದರೆ ಯಾರೂ ನಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ಯುಗಾದಿಗೆ ನಮ್ಮ ಕನ್ನಡದವರ ಗುಂಪಿಗಾಗಿ ಒಂದು ನಾಟಕ ಬರೆದು ಆಡಿಸುವುದು ನನ್ನ ಚಟ. ಎಲ್ಲವೂ ನಗೆನಾಟಕಗಳೇ: ವೀಸಾದ ಗೋಳು, ಅತ್ತೆಯ ಆಗಮನ, ಏರ್‌ಪೋರ್ಟಿನಲ್ಲಿ ಸೋರಿದ ಉಪ್ಪಿನಕಾಯಿ. ನಾಟಕ ಕಲಿಸುವವರು ಯಾರಾದರೂ ಗೌಡರ ಪಾಲಿಗೆ ಮೇಷ್ಟ್ರೇ ಆದ್ದರಿಂದ ನನ್ನನ್ನೂ ಅವರು ಮೇಷ್ಟ್ರೇ ಎಂದೇ ಕರೆಯುತ್ತಿದ್ದರು.

ಆ ವರ್ಷದ ಮಳೆಯನ್ನು ಇಲ್ಲಿದ್ದವರು ಮರೆತಿರಲಾರರು. ಬೇಸಿಗೆಯೆಲ್ಲ ಬೆಂಕಿಯ ಭಯದಲ್ಲಿ ಕಳೆಯುವ ಈ ಸೀಮೆಯಲ್ಲಿ ನವೆಂಬರಿಗೆ ಹಿಡಿದ ಮಳೆ ಮಾರ್ಚಿನವರೆಗೂ ಸರಿಯಾಗಿ ಬಿಡಲಿಲ್ಲ. ಗುಡ್ಡ ಜಾರಿ ರಸ್ತೆಗೆ ಬಂತು, ಹಿತ್ತಲ ಬೇಲಿಗಳು ಮಲಗಿದವು, ಕರೆಂಟು ಹೋಗಿಹೋಗಿ ಬಂತು. ಅಂಥದೊಂದು ಸಂಜೆ ಮೇಣದಬತ್ತಿ ಹಚ್ಚಿಕೊಂಡು ಉಪ್ಪಿಟ್ಟು ಕೆದಕುತ್ತಿದ್ದಾಗ ಗೌಡರ ಫೋನು ಬಂತು.

"ಮೇಷ್ಟ್ರೇ, ಈ ಸಲ ನಂಗೊಂದು ರಾಜಾಪಾರ್ಟು ಬೇಕು ಕನವ್ವ."

"ಯಾವ ರಾಜ ಗೌಡ್ರೇ?"

"ಅದೇ, ನೆಗಡಿ ಆಗಿ ಸತ್ತನಲ್ಲ, ಅವ್ನು."

ಮೊಮ್ಮಗಳು ಸಾನ್ವಿ ಹೈಸ್ಕೂಲಿನಲ್ಲಿ ಓದುತ್ತಿದ್ದಳು. ಅವಳಿಗೆ ಆಸ್ಟ್ರಿಯಾ-ಹಂಗೇರಿಯ ಕೊನೆಯ ಚಕ್ರವರ್ತಿಯ ಬಗ್ಗೆ ಪ್ರಾಜೆಕ್ಟು ಕೊಟ್ಟಿದ್ದರಂತೆ. ಊಟಕ್ಕೆ ಕುಳಿತಾಗ ತಾತ ಕುತೂಹಲಕ್ಕೆ, ಅವ್ನು ಹೆಂಗ್ ಸತ್ತ ಎಂದು ಕೇಳಿದ್ದಾರೆ. ಅವಳು ಸಾರನ್ನ ಕಲಸುತ್ತ "ತಾತ, ಹಿ ಜಸ್ಟ್ ಗಾಟ್ ಎ ಕೋಲ್ಡ್" ಎಂದಿದ್ದಾಳೆ. ಗೌಡರಿಗೆ ಅನ್ನ ಇಳಿದಿಲ್ಲ.

"ನೀನೇ ಹೇಳವ್ವ. ದೊರೆ ಅಂದ್ಮ್ಯಾಲೆ ಯುದ್ಧದಾಗೆ ಸಾಯ್ಬೇಕು. ಇಲ್ಲಾ ಮಾತಿಗೆ ತಪ್ಪಬಾರ್ದು ಅಂತ ವಿಸ ಕುಡಿದು ಸಾಯ್ಬೇಕು. ಐವತ್ತು ಜಾತಿ ಜನನ್ನ ಆಳ್ದೋನು ಶೀತ ಹಿಡ್ಕಂಡು ಸತ್ತ ಅಂದ್ರೆ ಏನ್ ನಾಟ್ಕ ಅದು? ಬರಿ, ಅದ್ ಹೆಂಗ್ ಸತ್ತ ನಾನೂ ನೋಡ್ತೀನಿ."

ಹಾಸನದಲ್ಲಿ ಮೊದಲ ಮಹಾಯುದ್ಧದ ಪಾಠ ಮಾಡುವಾಗ ಆ ಚಕ್ರವರ್ತಿಯನ್ನು ನಾನು ಒಂದೇ ವಾಕ್ಯದಲ್ಲಿ ದಾಟಿಸುತ್ತಿದ್ದೆ. ಪರೀಕ್ಷೆಗೆ ಬರುತ್ತಿದ್ದವರು ಅವನಿಗಿಂತ ಮುಂಚಿನ ಮುದುಕ ಚಕ್ರವರ್ತಿ ಮತ್ತು ಗುಂಡೇಟಿಗೆ ಸತ್ತ ಯುವರಾಜ. ಆ ಯುವರಾಜ ಸತ್ತದ್ದರಿಂದ ಪಟ್ಟ ಇವನ ಪಾಲಿಗೆ ಬಂತು. ಯುದ್ಧದ ನಟ್ಟನಡುವೆ, ಇನ್ನೂ ಮೂವತ್ತು ತುಂಬದವನ ತಲೆಗೆ ಕಿರೀಟ. ಆಳಿದ್ದು ಎರಡೇ ವರ್ಷ. ಯುದ್ಧ ನಿಲ್ಲಿಸೋಣವೆಂದು ಹೆಂಡತಿಯ ಅಣ್ಣಂದಿರ ಮೂಲಕ ಗುಟ್ಟಾಗಿ ಶತ್ರುಗಳಿಗೆ ಹೇಳಿಕಳಿಸಿದ. ಗುಟ್ಟು ರಟ್ಟಾಗಿ, ನಾನಲ್ಲ ಎಂದು ಸುಳ್ಳು ಹೇಳಿ, ಇದ್ದಬದ್ದ ಮರ್ಯಾದೆಯನ್ನೂ ಕಳೆದುಕೊಂಡ. ಯುದ್ಧದಲ್ಲಿ ಸೋಲಾಯಿತು, ಸಾಮ್ರಾಜ್ಯ ಹರಿದು ಹಂಚಿಹೋಯಿತು. ಮತ್ತೆ ಎರಡು ಸಲ ಹಂಗೇರಿಗೆ ಹೋಗಿ ಪಟ್ಟ ಕೇಳಿದ, ಎರಡು ಸಲವೂ ಅಟ್ಟಿದರು. ಕೊನೆಗೆ ಸಮುದ್ರದ ನಡುವಿನ ಒಂದು ದ್ವೀಪಕ್ಕೆ ಹೆಂಡತಿ ಮಕ್ಕಳ ಸಮೇತ ಸಾಗಿಸಿದರು. ಹೋಟೆಲಿನಲ್ಲಿರಲು ಕೈ ಬರಿದಾಗಿ, ಯಾರೋ ಪುಣ್ಯಾತ್ಮರು ಬಿಟ್ಟುಕೊಟ್ಟ ಗುಡ್ಡದ ಮೇಲಿನ ಮನೆಗೆ ಹೋದರು. ಅಲ್ಲಿ ಯಾವಾಗಲೂ ಮಂಜು, ಗೋಡೆಯಲ್ಲಿ ತೇವ, ಒಲೆಗೆ ಹಸಿ ಸೌದೆ. ಮಾರ್ಚಿನ ಒಂದು ಚಳಿಯ ದಿನ ಸಣ್ಣ ಮಗನ ಹುಟ್ಟುಹಬ್ಬಕ್ಕೆ ಆಟದ ಸಾಮಾನು ತರಲೆಂದು ಗುಡ್ಡ ಇಳಿದು ಪೇಟೆಗೆ ನಡೆದುಹೋದ. ಬರುವಾಗ ನೆಗಡಿ ತಂದ. ಅದು ಎದೆಗಿಳಿದು, ಮೂವತ್ತನಾಲ್ಕನೆಯ ವಯಸ್ಸಿಗೆ ಹೋದ. ಹೆಂಡತಿ ಆಗ ಎಂಟನೆಯ ಬಸುರಿ.

ಇದನ್ನೆಲ್ಲ ಮೊದಲ ಸಲ ಓದಿ ಹೇಳಿದಾಗ ಗೌಡರು ತಲೆ ತಗ್ಗಿಸಿ ಕೇಳುತ್ತಿದ್ದರು. ಯುದ್ಧದ ಭಾಗಕ್ಕೆ ಹೂಂಗುಟ್ಟದೆ ಇದ್ದವರು ಆಟದ ಸಾಮಾನಿನ ಮಾತು ಬಂದಾಗ ತಲೆ ಎತ್ತಿದರು.

"ನಡ್ಕಂಡು ಹೋದ್ನಾ?"

"ನಡ್ಕೊಂಡೇ ಹೋಗಿದ್ದು ಗೌಡ್ರೇ."

"ಆಳು ಕಾಳು ಇರ್ನಿಲ್ವಾ?"

"ಇದ್ರೂ ತಾನೇ ಹೋಗ್ಬೇಕು ಅನ್ನಿಸಿರತ್ತೆ. ಮಗನ ಬರ್ತ್‌ಡೇ ಅಲ್ವಾ."

"ಒಳ್ಳೆ ದೊರೆ ಕನವ್ವ" ಎಂದರು. ಅಂದಿನಿಂದ ಆ ಚಕ್ರವರ್ತಿಯ ಹೆಸರನ್ನು ಅವರು ಹೇಳಿದ್ದೇ ಇಲ್ಲ. ಹೇಳಲು ನಾಲಗೆ ಹೊರಳುತ್ತಿರಲಿಲ್ಲ ಅನ್ನುವುದು ಒಂದು, ಹೆಸರು ಹಿಡಿದು ಕರೆಯುವಷ್ಟು ಸಣ್ಣವನಲ್ಲ ಎನ್ನುವುದು ಇನ್ನೊಂದು. ಅವನು "ನಮ್ಮ ದೊರೆ" ಆದ.

ಶನಿವಾರ ಮಧ್ಯಾಹ್ನ ಶೋಭಾಳ ಗರಾಜಿನಲ್ಲಿ ಪ್ರಾಕ್ಟೀಸು. ಕಾರುಗಳನ್ನು ಹೊರಗೆ ಮಳೆಗೆ ಬಿಟ್ಟು, ಜಮಖಾನ ಹಾಸಿ, ಸಣ್ಣದೊಂದು ಹೀಟರ್ ಇಟ್ಟುಕೊಳ್ಳುತ್ತಿದ್ದೆವು. ಹಾರ್ಮೋನಿಯಂಗೆ ಮೈಸೂರಿನ ಅನ್ವರ್ ಸಾಹೇಬರು. ರಾಣಿಯ ಪಾತ್ರಕ್ಕೆ, ಹೊಟ್ಟೆಗೆ ದಿಂಬು ಕಟ್ಟಿಕೊಳ್ಳಬೇಕೆಂದು ತಿಳಿದ ಕೂಡಲೇ, ಹೆಂಗಸರಿಗೆಲ್ಲ ಬೇರೆ ಬೇರೆ ಕೆಲಸ ನೆನಪಾಯಿತು. ಕೊನೆಗೆ ದಿಂಬು ನನಗೇ ಬಂತು. ಜಯಮ್ಮ ಒಳಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಲೋ ಸೊಪ್ಪು ಬಿಡಿಸುತ್ತಲೋ ನೋಡುತ್ತಿದ್ದರು. ಸಾಯುವ ದೃಶ್ಯದಲ್ಲಿ ಗೌಡರ ತಲೆ ನನ್ನ ತೊಡೆಯ ಮೇಲೆ ಬರಬೇಕು. ಮೊದಲ ದಿನ ಇಬ್ಬರೂ ನಾಚಿಕೊಂಡು ಗೊಂಬೆಗಳ ಹಾಗೆ ಕುಳಿತಿದ್ದಾಗ ಜಯಮ್ಮ ಅಲ್ಲಿಂದಲೇ ಕೂಗಿದರು.

"ಸರ್ಯಾಗ್ ಇಟ್ಕಳವ್ವ. ಭಾರ ಐತೆ, ನಂಗೊತ್ತು. ಒಳ್ಗೇನೂ ಇಲ್ದೆ ಇದ್ರೂ ಭಾರ."

ಗರಾಜಿನಲ್ಲಿ ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಗೌಡರು. ನಕ್ಕು ಕೆಮ್ಮು ಹತ್ತಿತು.

ಆ ಕೆಮ್ಮಿನ ಕಥೆಯೇ ನನ್ನನ್ನು ಈಗಲೂ ಚುಚ್ಚುವುದು. ಡಿಸೆಂಬರಿನಲ್ಲೇ ಅದು ಶುರುವಾಗಿತ್ತು. ಮೂರನೆಯ ಅಂಕದಲ್ಲಿ ದೊರೆ ಗುಡ್ಡ ಹತ್ತಿ ಬರುತ್ತ ಮಾತಿನ ನಡುವೆ ಕೆಮ್ಮಬೇಕು. ಗೌಡರು ಬಗ್ಗಿ, ಗೋಡೆ ಹಿಡಿದು, ಆಟದ ಸಾಮಾನಿನ ಗಂಟು ಕೆಳಗೆ ಬೀಳದಂತೆ ಎದೆಗೆ ಒತ್ತಿಕೊಂಡು ಕೆಮ್ಮಿದರು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಅನ್ವರ್ ಸಾಹೇಬರು ಹಾರ್ಮೋನಿಯಂ ಬಿಟ್ಟು ಚಪ್ಪಾಳೆ ತಟ್ಟಿದರು. ನಾವೆಲ್ಲ ತಟ್ಟಿದೆವು. ಕಂಪನಿ ನಾಟಕ ನೋಡಿ ಬೆಳೆದ ನಮಗೆ, ದೊಡ್ಡ ನಟನೆಂದರೆ ಹೀಗೆ ಕೆಮ್ಮುವವನೇ. ಗೌಡರು ಉಸಿರು ಸಿಕ್ಕಿದ ಮೇಲೆ ಕೈ ಜೋಡಿಸಿ, ಎಲ್ಲರ ಕಡೆ ತಿರುಗಿ ನಮಸ್ಕಾರ ಮಾಡಿದರು. ಬಾಗಿಲಲ್ಲಿದ್ದ ಜಯಮ್ಮ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

ಜನವರಿಯಲ್ಲಿ ಒಂದು ಸಂಭಾಷಣೆಯ ಮೇಲೆ ಜಗಳವಾಯಿತು. ದೊರೆ ಸಹಿ ಹಾಕುವ ದೃಶ್ಯ. ನಾನು "ಈ ಸಿಂಹಾಸನವನ್ನು ತ್ಯಜಿಸಿದ್ದೇನೆ" ಎಂದು ಬರೆದಿದ್ದೆ. ತ್ಯಾಗ ಗೀಗ ಅಂದರೆ ಸನ್ಯಾಸಿ ಮಾತಾಯಿತು, ಬೇಡ ಎಂದರು. ಸರಿ, "ರಾಜ್ಯವನ್ನು ಕೈಬಿಟ್ಟಿದ್ದೇನೆ" ಎಂದು ತಿದ್ದಿದೆ. ಗೌಡರು ಅದನ್ನು ಎರಡು ಸಲ ಬಾಯಲ್ಲಿ ಹೊರಳಿಸಿ ನಿಂತುಬಿಟ್ಟರು.

"ಕೈಬುಟ್ಟೆ ಅಂದ್ರೆ ಜನನ್ನ ನಡುನೀರ್ನಾಗೆ ಬುಟ್ಟಂಗೆ ಆಯ್ತದಲ್ಲ ಮೇಷ್ಟ್ರೇ. ನಮ್ಮ ದೊರೆ ಹಂಗಂದ್ನಾ? ಪುಸ್ತಕದಾಗೆ ನೋಡು."

ನೋಡಿದೆ. ಚರಿತ್ರೆ ಓದಿದವಳಾಗಿ ನಾನು ಗಮನಿಸಬೇಕಾದದ್ದನ್ನು ಗಮನಿಸಿರಲಿಲ್ಲ. ಪಟ್ಟ ಬಿಟ್ಟೆ ಎಂಬ ಮಾತನ್ನು ಆ ಚಕ್ರವರ್ತಿ ಹೇಳಿಯೇ ಇರಲಿಲ್ಲ. ರಾಜ್ಯದ ವ್ಯವಹಾರದಲ್ಲಿ ಇನ್ನು ಭಾಗವಹಿಸುವುದಿಲ್ಲ ಎಂದಷ್ಟೇ ಒಪ್ಪಿಕೊಂಡಿದ್ದ. ಸಾಯುವವರೆಗೂ ತಾನು ದೊರೆಯೇ ಎಂದು ನಂಬಿದ್ದ.

"ಅಂಗಾದ್ರೆ 'ಇನ್ನು ನಾನು ಕೈ ಹಾಕಾಕಿಲ್ಲ' ಅನ್ನು" ಎಂದರು ಗೌಡರು. "ನಮ್ಮಟ್ಟೀಲಿ ಅಣ್ತಮ್ಮಂದ್ರು ಭಾಗ ಆದಾಗ ನಮ್ಮಪ್ಪ ಇದ್ನೇ ಅಂದಿದ್ದು. ನಿಮ್ಮ ವ್ಯವಾರಕ್ಕೆ ಇನ್ ನಾನು ಕೈ ಹಾಕಾಕಿಲ್ಲ ಕನ್ರಪ್ಪಾ ಅಂತ. ಹಂಗಂದ ಅಂತ ಮಕ್ಕಳ್ನ ಕೈಬುಟ್ನಾ? ಸಾಯೋಗಂಟ ದಿನಾ ಎಲ್ಲರ ಮನೆ ಮುಂದ್ಕೂ ಹೋಗಿ ಉಂಡ್ರಾ ಅಂತ ಕೇಳ್ಕಂಡು ಬರೋನು."

ನಾಟಕದಲ್ಲಿ ಆ ಮಾತೇ ನಿಂತಿತು. ಗೌಡರು ಅದನ್ನು ಹೇಳುವಾಗ ಗರ್ಜಿಸುತ್ತಿರಲಿಲ್ಲ. ಜೀವನದಲ್ಲಿ ಮೊದಲ ಸಲ ಅವರು ಒಂದು ರಾಜಾಪಾರ್ಟನ್ನು ಮೆಲ್ಲಗೆ ಆಡುತ್ತಿದ್ದಾರೆ ಎಂದು ನಾನು ಹಿಗ್ಗಿದೆ. ಗರ್ಜಿಸಲು ಉಸಿರೇ ಇರಲಿಲ್ಲ ಎನ್ನುವುದು ಆಮೇಲೆ ತಿಳಿಯಿತು.

ಫೆಬ್ರವರಿ ಕೊನೆಯಲ್ಲಿ ಆಸ್ಪತ್ರೆಗೆ ಸೇರಿಸಿದರು. ಶ್ವಾಸಕೋಶ ಎರಡೂ ಕಡೆ ಕಲೆಗಟ್ಟಿ ಗಟ್ಟಿಯಾಗಿದೆಯಂತೆ, ಬಹಳ ದಿನದಿಂದ ಇದ್ದದ್ದು, ಮೇಲೆ ಈಗ ಸೋಂಕು ಬೇರೆ. ಗಂಟಲಿಗೆ ನಳಿಗೆ ಹಾಕುವುದು ಬೇಡವೆಂದು ಗೌಡರೇ ಮೊದಲ ದಿನ ಡಾಕ್ಟರಿಗೆ ಸನ್ನೆ ಮಾಡಿದ್ದರು. ಹಾಗಾಗಿ ಮುಖ ತುಂಬುವ ಬಿಗಿ ಮಾಸ್ಕು, ಅದರೊಳಗೆ ರಭಸದಿಂದ ನುಗ್ಗುವ ಗಾಳಿ. ಆ ಮಾಸ್ಕು ಇದ್ದರೆ ಮಾತಿಲ್ಲ, ನೀರಿಲ್ಲ, ನಿದ್ದೆಯಿಲ್ಲ. ಅವರು ಅದನ್ನು ಕಿತ್ತು ಕಿತ್ತು ಎಸೆಯುತ್ತಿದ್ದರೆಂದು ಎರಡೂ ಕೈಗೆ ದಪ್ಪ ಬಟ್ಟೆಯ ಚೀಲದಂಥದ್ದು ಕಟ್ಟಿದರು. ಕೊಡಲು ಇನ್ನೇನೂ ಔಷಧ ಉಳಿದಿಲ್ಲ ಎಂದು ಡಾಕ್ಟರು ಹೇಳಿದ ಮೇಲೂ ದಿನಗಳು ಕಳೆದವು.

ಆಗ ಶೋಭಾ ಫೋನು ಮಾಡಿ ಅತ್ತಳು. "ಅಕ್ಕ, ಪ್ಲೀಸ್ ಬನ್ನಿ. ಅಪ್ಪ ತುಂಬಾ ಸಫರ್ ಮಾಡ್ತಿದಾರೆ. ಮಾಸ್ಕ್ ತೆಗ್ದು ಕಂಫರ್ಟಬಲ್ಲಾಗಿ ಇಡೋಣ ಅಂತಾರೆ ಡಾಕ್ಟ್ರು. ಅಮ್ಮ ನೋ ಅಂತಿದಾರೆ. ಯಾರ್ ಮಾತೂ ಕೇಳ್ತಿಲ್ಲ."

"ನೀನೇ ಬಿಡಿಸಿ ಹೇಳ್ಬಾರ್ದೇನೇ?"

"ಹೆಂಗಕ್ಕ ಹೇಳ್ಲಿ? ಅದಕ್ಕೆ ನನ್ ಹತ್ರ ವರ್ಡೇ ಇಲ್ಲ. ಇಂಗ್ಲಿಷಲ್ಲಾದ್ರೆ ಆಫೀಸಿನ್ ಥರ ಹೇಳ್ಬಿಡ್ಬೋದು."

ನಾನು ಹೋದ ದಿನ ಡಾಕ್ಟರು ಮತ್ತೊಮ್ಮೆ ಮಾತಾಡಲು ಬಂದಿದ್ದರು. ಒಳ್ಳೆಯ ಹೆಂಗಸು, ಕುರ್ಚಿ ಎಳೆದುಕೊಂಡು ಜಯಮ್ಮನ ಎದುರು ಕುಳಿತರು. ಮನೆಯವರಿಂದ ಅನುವಾದ ಮಾಡಿಸಬಾರದೆಂಬ ನಿಯಮವೇನೋ, ಮೇಜಿನ ಮೇಲಿನ ಫೋನಿನಲ್ಲಿ ಎಲ್ಲಿಂದಲೋ ಒಬ್ಬ ಕನ್ನಡದ ದುಭಾಷಿ. ಡಾಕ್ಟರು ಮೆಲ್ಲಗೆ, ನಿಲ್ಲಿಸಿ ನಿಲ್ಲಿಸಿ ಹೇಳಿದರು. ಫೋನಿನೊಳಗಿನವನು ಪತ್ರಿಕೆ ಓದುವವನ ದನಿಯಲ್ಲಿ ಹೇಳಿದ: "ನಿಮ್ಮ ಪತಿಯವರ ಆರೈಕೆಯನ್ನು ಕೈಬಿಡಲು ತಮ್ಮ ಸಮ್ಮತಿ ಇದೆಯೇ?"

ಜಯಮ್ಮ ಫೋನನ್ನೇ ನೋಡಿದರು.

"ಏನಂದೆ? ಕೈ ಬುಡೋದಾ? ಸಂಸಾರ ಮಾಡ್ದೋಳ್ನ, ಗಂಡನ್ನ ಕೈಬುಡ್ತೀಯಾ ಅಂತ ಕೇಳ್ತೀಯಲ್ಲಾ, ನಿಂಗೆ ಅಕ್ಕತಂಗೀರು ಇಲ್ವೇನಪ್ಪಾ?"

ದುಭಾಷಿ ಒಂದು ಕ್ಷಣ ತಡವರಿಸಿ ಇಂಗ್ಲಿಷಿನಲ್ಲಿ, ಇವರು ಒಪ್ಪುತ್ತಿಲ್ಲ ಎಂದ. ಡಾಕ್ಟರು ತಲೆ ಆಡಿಸಿ ಎದ್ದು ಹೋದರು. ಮಾಸ್ಕು ಹಾಗೇ ಉಳಿಯಿತು. ದಿನವೂ ಹೀಗೇ ನಡೆದಿತ್ತು ಎಂದು ಆಗ ನನಗೆ ಅರ್ಥವಾಯಿತು. ಅವನದೂ ತಪ್ಪಲ್ಲ, ನಾನೇ ಅವನ ಜಾಗದಲ್ಲಿದ್ದರೆ ಅದನ್ನೇ ಹೇಳುತ್ತಿದ್ದೆ. ನಾಟಕದಲ್ಲಿ ಬರೆದೂ ಇದ್ದೆನಲ್ಲ.

ಜಯಮ್ಮನನ್ನು ಕರೆದುಕೊಂಡು ಮೊಗಸಾಲೆಯ ಕಿಟಕಿಯ ಹತ್ತಿರ ಹೋದೆ. ಹೊರಗೆ ಪಾರ್ಕಿಂಗಿನ ತುಂಬ ಮಳೆ. ನಾನು ಶುರು ಮಾಡಿದೆ. ನಿಲ್ಲಿಸೋದು ಅಂದರೆ ಹಾಗಲ್ಲ ಅಮ್ಮ, ಸುಮ್ಮನೆ ಬಿಡೋದು ಅಂತ, ಅಲ್ಲ, ಬಿಡೋದು ಅಂತಲೂ ಅಲ್ಲ, ಹೋಗಲು ಕೊಡೋದು. ಒಂದೊಂದು ಮಾತೂ ಬಾಯಿಂದ ಹೊರಬಿದ್ದ ಕೂಡಲೇ ಕೊಳಕಾಗಿ ಕಾಣುತ್ತಿತ್ತು. ಕನ್ನಡದಲ್ಲಿ ಪಾಠ, ಕನ್ನಡದಲ್ಲಿ ನಾಟಕ ಎಂದು ಮೆರೆದವಳಿಗೆ ಒಂದು ಕ್ರಿಯಾಪದ ಸಿಗಲಿಲ್ಲ. ನಾನು ಅಳಲು ಶುರುಮಾಡಿದೆ. ಸಮಾಧಾನ ಹೇಳಲು ಹೋದವಳ ಬೆನ್ನನ್ನು ಜಯಮ್ಮನೇ ಸವರಿದರು.

"ಅವ್ರಿಗೆ ಆ ಮಾಸ್ಕು ಬ್ಯಾಡ, ಅಲ್ವಾ?"

"ಬೇಡ ಅಮ್ಮ. ಕಣ್ಣಲ್ಲೇ ಹೇಳ್ತಿದಾರೆ."

"ನಂಗೂ ಕಾಣ್ತದೆ." ಸ್ವಲ್ಪ ಹೊತ್ತು ಮಳೆ ನೋಡಿದರು. "ಅಂದ್ರೆ ಅವ್ರ ದೊರೆ ಅಂದಂಗೆ. ಇನ್ನು ನಾವು ಕೈ ಹಾಕಾಕಿಲ್ಲ ಅಂತ. ಅಷ್ಟೇ ತಾನೇ?"

"ಅಷ್ಟೇ ಅಮ್ಮ."

"ಅದ್ನ ಹಂಗೆ ಕೇಳಕ್ಕೆ ಏನಾಗಿತ್ತು ಅವ್ನಿಗೆ?"

ಒಳಗೆ ಹೋಗಿ ಜಯಮ್ಮ ಡಾಕ್ಟರನ್ನು ಮತ್ತೆ ಕರೆಸಿ, ಫೋನಿನವನು ಬೇಡ ಎಂದರು. ಮೂಲೆಯಲ್ಲಿ ಮೊಣಕಾಲಪ್ಪಿ ಕುಳಿತಿದ್ದ ಸಾನ್ವಿಯನ್ನು ಕರೆದರು. "ನೀನ್ ಹೇಳು ಮಗ. ಇನ್ನು ನಾವು ಕೈ ಹಾಕಾಕಿಲ್ಲ. ಆದ್ರೆ ಕೈ ಬುಡಾಕಿಲ್ಲ. ಎರಡೂನೂ ಹೇಳು."

ಸಾನ್ವಿ ಅಜ್ಜಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಕನ್ನಡ ಕೇಳಿದರೆ ತಿಳಿಯುತ್ತದೆ, ಆಡಲು ಬರುವುದಿಲ್ಲ ಎಂದು ನಾವೆಲ್ಲ ರೇಗಿಸುತ್ತಿದ್ದ ಹುಡುಗಿ. ಡಾಕ್ಟರ ಕಡೆ ತಿರುಗಿ, "ಅಜ್ಜಿ ಸೇಸ್… ವಿ ವೋಂಟ್ ಪುಟ್ ಅವರ್ ಹ್ಯಾಂಡ್ಸ್ ಇನ್ ಇಟ್ ಎನಿಮೋರ್" ಎಂದಳು. ಆಮೇಲೆ ದನಿ ಒಡೆದು, "ಬಟ್ ವಿ ಆರ್ ನಾಟ್ ಲೆಟಿಂಗ್ ಗೋ ಆಫ್ ಹಿಸ್ ಹ್ಯಾಂಡ್" ಎಂದಳು. ಡಾಕ್ಟರು ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ ನಿಯಮದ ಮಾತೆತ್ತದೆ ನರ್ಸನ್ನು ಕರೆದರು.

ನರ್ಸು ಮೊದಲು ಕೈಗಳಿಗೆ ಕಟ್ಟಿದ್ದನ್ನು ಬಿಚ್ಚಿದಳು. ಬೆರಳುಗಳು ಊದಿ ಬೆಳ್ಳಗಾಗಿದ್ದವು. ಜಯಮ್ಮ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಉಜ್ಜಿದರು. ಮಾಸ್ಕು ತೆಗೆದು ಮೂಗಿಗೆ ಸಣ್ಣ ಕೊಳವೆ ಇಟ್ಟರು, ಸಂಕಟ ಕಾಣದಿರಲು 'ಮಾರ್ಫಿನ್' ಕೊಟ್ಟರು. ಮೂಗಿನ ಮೇಲೆ ಮಾಸ್ಕು ಒತ್ತಿ ಆದ ಗಾಯ ಹಾಗೇ ಇತ್ತು. ತುಸು ಹೊತ್ತಿನ ಮೇಲೆ ಗೌಡರು ಕಣ್ಣು ಬಿಟ್ಟು ಹೆಂಡತಿಯನ್ನು ನೋಡಿದರು. ಒಂದು ಕಾಲಕ್ಕೆ ಮೈಕು ಬೇಡದ ಗಂಟಲಿನಿಂದ ಉಸಿರಿನಷ್ಟೇ ಸದ್ದು ಬಂತು.

"ಉಂಡ್ಯಾ?"

"ಉಂಡೆ" ಎಂದರು ಜಯಮ್ಮ. ಬೆಳಗಿನಿಂದ ಒಂದು ಲೋಟ ಕಾಫಿಯನ್ನೂ ಅವರು ಕುಡಿದಿರಲಿಲ್ಲ.

ಮರುದಿನ ಮಧ್ಯಾಹ್ನ ಗೌಡರು ಹೋದರು. ಶೋಭಾ, ಸಾನ್ವಿ, ಜಯಮ್ಮ ಹತ್ತಿರವಿದ್ದರು. ನಾನು ಬಾಗಿಲ ಬಳಿ ನಿಂತಿದ್ದೆ. ಗರಾಜಿನಲ್ಲಿ ನನ್ನ ತೊಡೆಯ ಮೇಲೆ ಎಷ್ಟೋ ಸಲ ಸತ್ತಿದ್ದವರು, ಪ್ರತಿ ಸಲವೂ ಒಂದು ಕಣ್ಣು ತೆರೆದು ಸರಿ ಬಂತಾ ಮೇಷ್ಟ್ರೇ ಎಂದು ಕೇಳುತ್ತಿದ್ದವರು. ನನಗೆ ನಾಚಿಕೆಯಿಲ್ಲದ ಆಸೆ, ಈಗಲೂ ಕೇಳಿಯಾರು ಎಂದು ನಿಂತೇ ಇದ್ದೆ.

ಯುಗಾದಿಗೆ ನಾಟಕವಾಗಲಿಲ್ಲ. ಬೇರೆಯವರಿಂದ ಆಡಿಸೋಣವೆಂದು ಯಾರೋ ಸೂಚಿಸಿದರು. ಅನ್ವರ್ ಸಾಹೇಬರು, ದೊರೆ ಒಬ್ಬರೇ ಇದ್ದದ್ದು ಎಂದು ಹೇಳಿ ಹಾರ್ಮೋನಿಯಂ ಡಬ್ಬಕ್ಕೆ ಹಾಕಿದರು. ಮಕ್ಕಳ ಡ್ಯಾನ್ಸು, ಒಬ್ಬಟ್ಟಿನ ಊಟ, ಎಲ್ಲ ಮಾಮೂಲು. ಮಳೆಯೂ ನಿಂತು ಗುಡ್ಡಗಳು ಹಸಿರಾಗಿದ್ದವು.

ಏಪ್ರಿಲಿನ ಒಂದು ಭಾನುವಾರ ಜಯಮ್ಮನನ್ನು ನೋಡಲು ಹೋದೆ. ಶೋಭಾ ಗ್ರೋಸರಿಗೆ ಹೋಗಿದ್ದಳು. ಜಯಮ್ಮ ಅಡುಗೆಮನೆಯ ಮೇಜಿನ ಮುಂದೆ ಸುಮ್ಮನೆ ಕುಳಿತಿದ್ದರು. ಎದುರಿಗೆ ಸೊಪ್ಪಿರಲಿಲ್ಲ, ಕಾಯಿರಲಿಲ್ಲ. ಆ ಹೆಂಗಸಿನ ಕೈ ಖಾಲಿಯಾಗಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನೇ ಕಾಫಿ ಬೆರೆಸಿದೆ. ಕುಡಿದರು. ಆಮೇಲೆ ಏನೋ ನೆನಪಾದವರಂತೆ ಕೇಳಿದರು.

"ಆ ರಾಣಿ ಆಮ್ಯಾಕೆ ಏನಾದ್ಲವ್ವ?"

ನಾನು ಬರೆದ ನಾಟಕದಲ್ಲಿ ದೊರೆ ಸತ್ತ ಕೂಡಲೇ ಪರದೆ ಬೀಳುತ್ತಿತ್ತು. ರಾಣಿಯ ಪಾತ್ರ ನನ್ನದೇ ಆಗಿದ್ದರೂ, ಪರದೆ ಬಿದ್ದ ಮೇಲೆ ಅವಳು ಎಲ್ಲಿಗೆ ಹೋಗಬೇಕೆಂದು ನಾನು ಯೋಚಿಸಿದವಳಲ್ಲ.

"ಎಂಟನೇ ಮಗು ಹುಟ್ಟಿತು. ಹೆಣ್ಣುಮಗು."

"ಪಾಪ. ಅಪ್ಪನ ಮೊಕ ನೋಡ್ನಿಲ್ಲ. ಇನ್ನೊಂದ್ ಮದ್ವೆ ಮಾಡ್ಕಂಡ್ಲಾ? ಅವ್ರಲ್ಲಿ ಮಾಡ್ಕತಾರಲ್ಲ."

"ಇಲ್ಲ. ಕೊನೇವರ್ಗೂ ಕಪ್ಪು ಬಟ್ಟೆಯೇ ಹಾಕ್ಕೊಂಡಿದ್ಲಂತೆ. ಊರಿಂದೂರಿಗೆ ಹೋಗಿ ಹೇಗೋ ಮಕ್ಕಳನ್ನ ಬೆಳೆಸಿದ್ಲು."

"ಜಾಸ್ತಿ ದಿನ ಇದ್ದಿರಾಕಿಲ್ಲ, ಅಲ್ವಾ?"

ಅವರು ಕೇಳಿದ ರೀತಿಯಲ್ಲಿ, ಹೌದು ಎನ್ನಿಸಿಕೊಳ್ಳುವ ಆಸೆ ಇತ್ತು. ಹೌದು ಎಂದುಬಿಡಬಹುದಿತ್ತು, ಯಾರು ಕೇಳುವವರು? ಆದರೆ ಜಯಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

"ಇದ್ಲು ಅಮ್ಮ. ಅವನು ಹೋದ್ಮೇಲೆ ಇನ್ನೂ ಅರವತ್ತೇಳು ವರ್ಷ ಇದ್ಲು."

ಜಯಮ್ಮ ಲೋಟ ಕೆಳಗಿಟ್ಟರು. ಹಿತ್ತಲ ಬಾಗಿಲಿನ ಗಾಜಿನಾಚೆ ಒಳ್ಳೆಯ ಬಿಸಿಲು ಬಿದ್ದಿತ್ತು, ಮಧ್ಯಾಹ್ನ ಇನ್ನೂ ಆಗಿರಲಿಲ್ಲ.

"ಅಷ್ಟ್ ವರ್ಷ ದಿನಾ ಬೆಳಿಗ್ಗೆ ಎದ್ದು ಏನ್ ಮಾಡ್ತಿದ್ಲವ್ವ?" ಎಂದರು.

ಅದನ್ನು ನಾನು ಎಲ್ಲೂ ಓದಿರಲಿಲ್ಲ.